ಮೂರನೇ ಗವಿಯಲ್ಲಿ ಚೇಳು ಕಡಿದು

ಮೊದಲು ನನಗೆ ಕಂಡದ್ದು ಕೈಮುಗಿದ ಚಿತ್ರಗಳು. ಕಚೇರಿಯ ಊಟದ ಬಿಡುವಿನಲ್ಲಿ ಹಿಂದಿನ ಬೇವಿನ ಗಿಡದ ಕಟ್ಟೆಗೆ ಕೂತು ಡಬ್ಬಿ ಬಿಚ್ಚಿ, ಫೋನಿನ ನೆಟ್ ಆನ್ ಮಾಡಿದ್ದೆ. ನಮ್ಮ ಸಂಜೆ ಕ್ಲಾಸಿನ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಹಬ್ಬಕ್ಕೊಮ್ಮೆ ಶುಭಾಶಯ ಹೇಳಿ ಮಲಗಿಬಿಡುವಂಥದ್ದು. ಅವತ್ತು ಅದು ನಿಲ್ಲದೆ ಗುಂಯ್‌ಗುಟ್ಟಿತು. ಓಂ ಶಾಂತಿ. ಓಂ ಶಾಂತಿ. ಆತ್ಮಕ್ಕೆ ಸದ್ಗತಿ ಸಿಗಲಿ. ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಕೊಡಲಿ. ಯಾರು ಹೋದರೆಂದು ಯಾರೂ ಬರೆದಿರಲಿಲ್ಲ. ಮೇಲಕ್ಕೆ ಸರಿಸುತ್ತಾ ಹೋದಾಗ ಒಂದು ಸಾಲು ಸಿಕ್ಕಿತು: ‘ನಮ್ಮ ಬೆರಳು ಹಿಡಿದು ಕೀಬೋರ್ಡ್ ಮುಟ್ಟಿಸಿದ ವಿರುಪಾಕ್ಷಿ ಸರ್ ಇನ್ನಿಲ್ಲ.’

ಬಾಯಲ್ಲಿದ್ದ ತುತ್ತನ್ನು ನುಂಗುವುದೋ ಉಗುಳುವುದೋ ತಿಳಿಯಲಿಲ್ಲ. ಸರ್ ಸತ್ತರು ಎಂಬುದಕ್ಕಿಂತ ಮೊದಲು ನನ್ನ ತಲೆಗೆ ಬಂದದ್ದು, ಅವರು ನನ್ನ ಆಟದ ಬಗ್ಗೆ ಇನ್ನೂ ಏನೂ ಹೇಳಿರಲಿಲ್ಲವಲ್ಲ ಎಂಬುದು. ಅಂಥದ್ದು ಬಂತಲ್ಲ ಎಂದು ನನಗೇ ಅಸಹ್ಯವಾಯಿತು. ಸರ್ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮೇಲಿನವರಿಗೆ ಅರ್ಧ ದಿನದ ರಜೆ ಕೇಳಿ, ಸರ್ ಊರಾದ ಇರಕಲ್ಲಗಡದ ಬಸ್ಸು ಹತ್ತಿದೆ.

ಸರ್ ಕೊಪ್ಪಳದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಹಗಲು ದುಡಿಯುವವರಿಗೆಂದೇ ಸಂಜೆಯ ತರಗತಿ. ನಾನು ಜೆರಾಕ್ಸ್ ಅಂಗಡಿಯಿಂದ ಬರುತ್ತಿದ್ದೆ, ನಾಹೀದಾ ಹೊಲಿಗೆ ಕೆಲಸ ಮುಗಿಸಿ ಬರುತ್ತಿದ್ದಳು. ಪಾಠ ಬೇಗ ಮುಗಿದರೆ ಸರ್ ತಾವೇ ಬರೆದ ಒಂದು ಆಟವನ್ನು ಹಚ್ಚಿಕೊಡುತ್ತಿದ್ದರು. ಅದರ ಹೆಸರು ‘ಏಳು ಗವಿ’. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆ. ಇ-ಮೇಲ್ ವಿಳಾಸದ ನಡುವೆ ಬರುವ ಆ ಸುರುಳಿ ಚಿಹ್ನೆಯೇ ನೀವು. ಸಿ ಅಕ್ಷರ ಬಂದರೆ ಚೇಳು, ಹೆಚ್ ಬಂದರೆ ಹಾವು, ಬಿ ಬಂದರೆ ಬೂದಿ ಬೇತಾಳ. ಕೈಯಲ್ಲೊಂದು ದೀಪ, ಬುತ್ತಿಯಲ್ಲಿ ಎರಡು ರೊಟ್ಟಿ. ಗುಡ್ಡದ ಹೊಟ್ಟೆಯೊಳಗಿನ ಏಳನೇ ಗವಿಗೆ ಇಳಿದು, ಅಲ್ಲಿನ ಆರದ ದೀಪವನ್ನು ಹೊತ್ತು ಮೇಲೆ ಬರಬೇಕು.

ಪ್ರತಿ ಸಲವೂ ಗವಿಗಳ ದಾರಿ ಹೊಸದು. ಉರು ಹೊಡೆದು ಗೆಲ್ಲುವಂತಿಲ್ಲ. ಸತ್ತರೆ ಮುಗಿಯಿತು, ಹಿಂದಿನ ಹೆಜ್ಜೆಗೆ ಮರಳುವ ಉಪಾಯವಿಲ್ಲ. ಮತ್ತೆ ಮೊದಲ ಗವಿಯ ಬಾಯಿಂದಲೇ ಶುರು. ಉಳಿಯುತ್ತಿದ್ದದ್ದು ಒಂದೇ: ಆ ಯಂತ್ರದಲ್ಲಿ ಹಿಂದೆ ಸತ್ತವರ ಗೋರಿ. ಅವರು ಸತ್ತ ಗವಿಯನ್ನು ನೀವು ಮುಟ್ಟಿದರೆ ಗೋರಿ ಎಲ್ಲೋ ಸಿಗುತ್ತಿತ್ತು, ಅವರ ಬಳಿ ಉಳಿದಿದ್ದ ಸಾಮಾನು ನಿಮ್ಮದಾಗುತ್ತಿತ್ತು. ಇಂಥ ಆಟಗಳಿಗೆ ಹೊರಗೆ ರೋಗ್‌ಲೈಕ್ ಎನ್ನುತ್ತಾರೆಂದು ನನಗೆ ಬಹಳ ವರ್ಷದ ಮೇಲೆ ಗೊತ್ತಾಯಿತು. ನಮಗದು ಸರ್ ಆಟ, ಅಷ್ಟೇ.

ಕ್ಲಾಸ್ ಮುಚ್ಚಿತು, ಕಂಪ್ಯೂಟರುಗಳು ಗುಜರಿಗೆ ಹೋದವು, ಸರ್ ಇರಕಲ್ಲಗಡದ ತಮ್ಮ ಮನೆಗೆ ಹೋಗಿ ತಮ್ಮನೊಂದಿಗೆ ಹೊಲ, ದನ ನೋಡಿಕೊಂಡರು. ಬಿಡುವಾದರೆ ಊರ ಗುಡ್ಡಗಳಲ್ಲಿ ಗವಿ ಹುಡುಕುತ್ತಾ ತಿರುಗುತ್ತಿದ್ದರು. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದೆ. ಆದರೆ ಆ ಕಪ್ಪು ಪರದೆ ನನ್ನನ್ನು ಬಿಡಲಿಲ್ಲ. ಫೋನಿನಲ್ಲಿ ಆಡುವಂತೆ, ಚಿತ್ರ ಸಮೇತ, ಅದರ ಮುಂದಿನ ಆಟವನ್ನು ಮಾಡಲು ಕೂತು ಮೂರು ವರ್ಷ ದುಡಿದೆ. ಚಿತ್ರವೆಲ್ಲ ನಾಹೀದಾಳದ್ದು. ಅವಳೀಗ ಗಂಗಾವತಿಯಲ್ಲಿ ಅಣ್ಣ ಶಾಹೀದನ ಫ್ಲೆಕ್ಸ್ ಅಂಗಡಿಯ ಡಿಸೈನರ್. “ಮಠದಾಗ ಅಜ್ಜಾರು ಇರತಾರ, ಅವರ ಗಾದಿಗೆ ಬರೂ ಮರಿಸ್ವಾಮಿ ಇರತಾರ. ಸರ್ ಆಟ ಅಜ್ಜಾರು, ನಿಂದು ಮರಿ,” ಎಂದು ನಗುತ್ತಿದ್ದಳು.

ಮರಿಗೆ ಗಾದಿ ಸಿಗಬೇಕಾದರೆ ಅಜ್ಜನವರು ಒಪ್ಪಬೇಕಲ್ಲ. ಹಿಂದಿನ ವಾರ ಸರ್ ಮನೆಗೆ ಹೋಗಿ, ಅವರ ಫೋನಿಗೆ ಆಟ ಹಾಕಿಕೊಟ್ಟು, ‘ಏಳು ಗವಿ’ ಎಂಬ ಹೆಸರನ್ನೇ ಇಟ್ಟುಕೊಳ್ಳಲೇ ಎಂದು ಕೇಳಿದ್ದೆ.

ಸರ್ ಕನ್ನಡಕ ಒರೆಸುತ್ತಾ ಹೇಳಿದ್ದರು: “ಹೆಸರು ಹಂಗ ಕೊಡಾಕ ಬರಂಗಿಲ್ಲ ವಿಜಯಾ. ನಿನ್ನ ಆಟದಾಗ ನಾ ಸಾಯಬೇಕು. ನ್ಯಾಯವಾಗಿ ಸಾಯಬೇಕು. ಸತ್ತ ಮ್ಯಾಲ ‘ಹೌದಪಾ, ತಪ್ಪು ನಂದ’ ಅಂತ ನನಗ ಅನಸಬೇಕು. ಆಟ ಮೋಸ ಮಾಡ್ತು ಅನಸಿತಂದ್ರ ಹೆಸರು ಇಲ್ಲ, ನೋಡ.”

ಆ ವಾರವೆಲ್ಲ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಚೇಳಿನ ವಿಷ ಹೆಚ್ಚಾಯಿತೇ, ದೀಪದೆಣ್ಣೆ ಬೇಗ ತೀರುತ್ತದೆಯೇ, ಮೂರನೇ ಗವಿಯ ಕಂಬಗಳು ಬಹಳ ದಟ್ಟವಾದವೇ ಎಂದು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ. ಏನಾದರೂ ತಪ್ಪಿದ್ದೇ ಇರುತ್ತದೆ, ನನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೇ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಬಸ್ಸು ಊರು ದಾಟಿದ ಮೇಲೆ ಗುಂಪನ್ನು ಇನ್ನೂ ಮೇಲಕ್ಕೆ ಸರಿಸಿದೆ. ಎಲ್ಲ ಓಂ ಶಾಂತಿಗಳ ಮೇಲೆ, ಮೊದಲ ಸಂದೇಶವಾಗಿ, ಆ ಕಾರ್ಡು ಇತ್ತು. ಎರಡೂ ಬದಿಗೆ ಉರಿಯುವ ದೀಪ, ಕೆಳಗೆ ಕಮಲ, ಮೇಲೆ ಎರಡು ಬಿಳಿ ಪಾರಿವಾಳ, ‘ಭಾವಪೂರ್ಣ ಶ್ರದ್ಧಾಂಜಲಿ’. ನಡುವೆ ಸರ್ ಫೋಟೋ. ಅದರ ಕೆಳಗೆ:

‘ವಿರುಪಾಕ್ಷಿ. ಮೂರನೇ ಗವಿಯಲ್ಲಿ ಚೇಳು ಕಡಿದು ನಮ್ಮನ್ನು ಅಗಲಿದರು.’

ಗುಡ್ಡದ ಗವಿಗಳಲ್ಲಿ ತಿರುಗುವ ಮನುಷ್ಯ. ಚೇಳು ಕಡಿದಿದೆ. ನಾನು ಎರಡನೇ ಸಲ ಓದಿದೆ. ಮೂರನೇ ಸಲ ಓದುವಾಗ ಗುರುತು ಸಿಕ್ಕಿತು. ಆ ಸಾಲು ನನ್ನದು. ಹೆಸರು, ಗವಿ, ಕೊಂದದ್ದು ಯಾವುದು ಎಂಬ ಮೂರನ್ನೂ ಜೋಡಿಸಿ ‘ನಮ್ಮನ್ನು ಅಗಲಿದರು’ ಎಂದು ಕೊನೆಗೆ ಹಚ್ಚುವ ಕೋಡು ಬರೆದವಳು ನಾನು.

ಹಳೇ ಆಟದಲ್ಲಿ ಸತ್ತರೆ ಗೀಟುಗಳಿಂದ ಬರೆದ ಒಂದು ಗೋರಿ ಬರುತ್ತಿತ್ತು. ಹೊಸದಕ್ಕೆ ಏನು ಮಾಡೋಣ ಎಂದಾಗ ನಾಹೀದಾ ಹೇಳಿದ್ದಳು: “ನಮ್ಮ ಮಂದಿ ಸತ್ರ ಏನ ಬರತೈತಿ? ಬ್ಯಾನರ್! ಛಲೋ ಬ್ಯಾನರ್ ಮಾಡಿ ಕೊಡ್ತೀನಿ ತಡಿ.” ಅಂಗಡಿಯಲ್ಲಿ ದಿನವೂ ಮಾಡುವ ನಮೂನೆಯನ್ನೇ ಕಳಿಸಿದ್ದಳು. ಆಟ ಶುರುವಾಗುವಾಗ ಹೆಸರು, ಫೋಟೋ ಕೇಳುತ್ತದೆ. ಸತ್ತಾಗ ಅವೆರಡೂ ಆ ಬ್ಯಾನರಿನಲ್ಲಿ ಕೂರುತ್ತವೆ, ಕೆಳಗೆ ‘ಕಳಿಸಿ’ ಎಂಬ ಗುಂಡಿ. ಗೆಳೆಯರಿಗೆ ಕಳಿಸಿ ನಗಲಿ ಎಂದು. ಚೇಳಿನ ವಿಷವನ್ನು ಅಷ್ಟು ಸಲ ನೋಡಿದವಳು ಆ ಗುಂಡಿಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ಕಾರ್ಡು ಬಂದದ್ದು ಸರ್ ಸ್ವಂತ ನಂಬರಿನಿಂದ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಸುದ್ದಿ ಅವರದೇ ಫೋನಿನಿಂದ ಬರುತ್ತದೆ. ಮಗನೋ ತಮ್ಮನೋ ಅದರಲ್ಲಿರುವ ಗುಂಪುಗಳಿಗೆಲ್ಲ ಹಾಕಿಬಿಡುತ್ತಾರೆ. ಸತ್ತವರೇ ತಮ್ಮ ಸಾವನ್ನು ತಿಳಿಸುವುದು ಈಗ ನಮಗೆ ರೂಢಿಯಾಗಿದೆ.

ನಾಹೀದಾಗೆ ಫೋನ್ ಮಾಡಿದೆ. ಅವಳು ಅಳುತ್ತಿದ್ದಳು.

“ಯಾ ಅಲ್ಲಾ, ಎಂಥಾ ಮನಷ್ಯಾ ವಿಜ್ಜಿ... ಬ್ಯಾನರ್ ನಾನ ಮಾಡೇನಿ. ಹಳೇ ಹುಡುಗರು ಯಾರೋ ಕಾರ್ಡ ಕಳಿಸಿ, ದೊಡ್ಡದು ಮಾಡ್ರಿ ಅಂದ್ರು. ಆಗಲೇ ಪ್ರಿಂಟ್ ಆಗೇತಿ.”

“ನಾಹೀದಾ, ನೀ ಮಾಡಿದ ಕಾರ್ಡು ನಿನಗ ಗುರುತು ಸಿಗಲಿಲ್ಲೇನ?”

“ದಿನಾ ಎಷ್ಟ ಮಾಡ್ತೀನಿ ಇಂಥವು! ಎಲ್ಲಾ ಒಂದ ಥರ...” ಅವಳ ಮಾತು ನಿಂತಿತು. ಹಿಂದೆ ಪ್ರಿಂಟಿಂಗ್ ಯಂತ್ರ ಕರ್‌ಕರ್ ಎನ್ನುತ್ತಿತ್ತು. “ಮೂರನೇ ಗವಿ,” ಎಂದಳು, ತಾನಾಗಿ ಎಂಬಂತೆ. “ಚೇಳು.”

“ಹೌದು.”

“ಅಂದ್ರ ಸರ್ ಅದಾರ?”

“ಫೋನ್ ಬಂದ್ ಐತಿ.”

“ಅವರ ಫೋನ್ ಯಾವತ್ತ ಚಾಲೂ ಇರತೈತಿ? ಮಧ್ಯಾಹ್ನ ಆತಂದ್ರ ಬ್ಯಾಟ್ರಿ ಸಾಯತೈತಿ.” ತಾನು ಆಡಿದ ಮಾತಿಗೆ ತಾನೇ ಹೆದರಿದಳು. “ತೋಬಾ, ತೋಬಾ. ನೀ ಮೊದಲ ಗುಂಪಿನ್ಯಾಗ ಹಾಕು.”

ಹಾಕಿದೆ. ‘ಇದು ನಿಜವಾದ ಸುದ್ದಿಯಲ್ಲ, ನಾನು ಮಾಡಿದ ಆಟದಿಂದ ಬಂದ ಕಾರ್ಡು, ದಯವಿಟ್ಟು ಯಾರಿಗೂ ಕಳಿಸಬೇಡಿ.’ ಅದರ ಕೆಳಗೆ ಮತ್ತೆ ಓಂ ಶಾಂತಿಗಳು ಬಂದವು. ಗೌತಮನೆಂಬ ಹಳೇ ಸಹಪಾಠಿ ಮಾತ್ರ ಉತ್ತರ ಬರೆದ: ‘ಇಂಥ ಹೊತ್ತಿನ್ಯಾಗ ನಿಮ್ಮ ಆಟದ ಮಾತು ಯಾಕ್ರಿ ಮೇಡಂ?’

ನನ್ನ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಕಾರ್ಡು ಸುಳ್ಳು, ಸರಿ. ಆದರೆ ಸರ್ ಎಲ್ಲಿದ್ದಾರೆಂದು ನನಗೇನು ಗೊತ್ತು? ಆಟದಲ್ಲಿ ಸತ್ತ ಮನುಷ್ಯ ಆಮೇಲೆ ಗುಡ್ಡಕ್ಕೆ ಹೋಗಿದ್ದರೆ? ಸುಳ್ಳು ಸುದ್ದಿ ಬಂದ ದಿನವೇ ನಿಜವೂ ಆಗಬಾರದೆಂದು ಎಲ್ಲೂ ಇಲ್ಲ. ಬಸ್ಸಿನ ಕಂಬಿ ಹಿಡಿದು ಅದನ್ನೇ ಯೋಚಿಸುತ್ತಾ ಇಳಿದೆ.

ಸರ್ ಮನೆಯ ಮುಂದೆ ಆಗಲೇ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಪಕ್ಕದ ಮನೆಯ ಸಣ್ಣಪ್ಪ ಸ್ಟೂಲಿನ ಮೇಲೆ ನಿಂತು ಶಾಮಿಯಾನದ ಹಗ್ಗ ಕಟ್ಟುತ್ತಿದ್ದ. ಕಟ್ಟೆಯ ಮೇಲೆ ಇಬ್ಬರು ಮುದುಕರು ಜಗಳಕ್ಕೆ ಬಿದ್ದಿದ್ದರು.

“ಮೂರನೇ ಗವಿ ಅಂದ್ರ ಕರಡಿ ಗವಿನೋ ಮಾರಾಯಾ. ಹನುಮಪ್ಪನ ಗುಡಿ ಕಡಿಂದ ಎಣಸು.”

“ಕೆರಿ ಕಡಿಂದ ಯಾಕ ಎಣಸಬಾರದು? ಕೆರಿ ಕಡಿಂದ ಎಣಸಿದ್ರ ಬಾವಲಿ ಗವಿ.”

“ಕೆರಿ ಕಡಿಂದ ಯಾರರ ಗುಡ್ಡಾ ಏರತಾರೇನು, ಬುದ್ಧಿ ಐತಿಲ್ಲೋ?”

“ಎರಡೂ ಕಡಿಗೆ ಮಂದಿ ಹೋಗ್ಯಾರ, ಸುಮ್ನಿರ್ರಿ,” ಎಂದ ಸಣ್ಣಪ್ಪ ಮೇಲಿನಿಂದ. ಸರ್ ಅವರ ತಮ್ಮ ಕಳಕಪ್ಪ, ಗುಂಪಿನವರು ಯಾರೋ ಕಳಿಸಿದ ಕಾರ್ಡು ನೋಡಿ, ಹಗ್ಗ, ಬ್ಯಾಟರಿ ಹಿಡಿದ ಹುಡುಗರನ್ನು ಕಟ್ಟಿಕೊಂಡು ಹೆಣ ಹುಡುಕಲು ಹೋಗಿದ್ದಾನೆ ಎಂದು ಅವನಿಂದ ತಿಳಿಯಿತು.

ಬಾಗಿಲಲ್ಲಿ ಸರ್ ಅಕ್ಕ ದುರಗಮ್ಮ ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಳು. “ಹಾಲು ಕುಡಿಸಿ ಬೆಳಿಸಿದ್ನೆಲ್ಲೋ ತಮ್ಮಾ, ಬಿಸಲಾಗ ಬಿಟ್ಟು ಗವಿ ಸೇರಿದೆಲ್ಲೋ ತಮ್ಮಾ...” ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಹಚ್ಚಿದ್ದರು. ಸರ್ ಹೆಂಡತಿ ಅಮರಮ್ಮ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. ಬೀದಿಯ ಕಡೆ ನೋಡುತ್ತಿದ್ದರು, ಅಷ್ಟೇ.

ಹೋಗಿ ಅವರ ಮುಂದೆ ಕೂತೆ.

“ಅಮ್ಮಾರ, ಆ ಫೋಟೋ ಖರೇ ಸುದ್ದಿ ಅಲ್ಲರಿ. ನಾ ಮಾಡಿದ ಆಟದಾಗಿಂದು ಅದು. ಆಟದಾಗ ಸತ್ತರ ಹಂಗ ಬರತೈತಿ.”

ದುರಗಮ್ಮನ ಹಾಡು ಅರ್ಧಕ್ಕೆ ನಿಂತಿತು. “ಏನಂದಿ?”

“ಫೋನಿನ ಆಟರಿ ದೊಡ್ಡಮ್ಮಾ. ಸರ್ ಆಡ್ಯಾರ. ಆಟದಾಗಿನ ಗವಿ. ಆಟದಾಗಿನ ಚೇಳು ಕಡದೈತಿ.”

“ಆಟದಾಗಿನ ಚೇಳಿಗೆ ಮನಷ್ಯಾ ಸಾಯತಾನೇನ?”

“ಇಲ್ಲರಿ. ಅದನ್ನ ನಾ ಹೇಳಾಕತ್ತಿದ್ದು.”

“ಮತ್ತ ನನ್ನ ತಮ್ಮ ಎಲ್ಲದಾನ? ಮುಂಜೇಲೆ ಹೋದಾಂವ ಎಲ್ಲದಾನ, ಹೇಳ!”

ಅಮರಮ್ಮ ಮೊದಲ ಸಲ ನನ್ನ ಕಡೆ ತಿರುಗಿದರು.

“ಹಂಗಾರ ಅವರು ಅದಾರ,” ಎಂದರು. ಕೇಳಿದ್ದೋ ಹೇಳಿದ್ದೋ ತಿಳಿಯಲಿಲ್ಲ.

ಹೌದು ಎಂದುಬಿಡಬಹುದಿತ್ತು. ಸುತ್ತಲಿನ ಎಲ್ಲ ಮುಖಗಳೂ ನಾನು ಹೌದೆನ್ನಲಿ ಎಂದೇ ಕಾಯುತ್ತಿದ್ದವು. ಆಮೇಲೆ ಕಳಕಪ್ಪ ಗುಡ್ಡದಿಂದ ಮಂಚದ ಮೇಲೆ ಹೆಣ ಹೊತ್ತು ತಂದರೆ ಆ ಹೌದಿಗೆ ಏನು ಮಾಡಲಿ?

“ಗೊತ್ತಿಲ್ಲರಿ ಅಮ್ಮಾರ. ಕಾರ್ಡು ಸುಳ್ಳು ಅನ್ನೂದು ಗೊತ್ತು. ಅವರು ಎಲ್ಲಿ ಅದಾರ ಅನ್ನೂದು ನನಗ ಗೊತ್ತಿಲ್ಲ.”

ದುರಗಮ್ಮ ಎದ್ದು ನಿಂತಳು. “ಬದುಕಿದ ಮನಷ್ಯಾನ ಫೋಟೋಕ್ಕ ದೀಪಾ ಹಚ್ಚಿ ಆಟ ಆಡ್ತೀಯೇನ ಹುಡುಗಿ? ನಿನ್ನ ಕೈಯಾಗ ಹುಳಾ ಬೀಳ!”

ನಾನು ತಲೆ ತಗ್ಗಿಸಿದೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಆಗ ಕಳಕಪ್ಪನ ಬೈಕು ಬಂತು. ಅಂಗಿ ತುಂಬ ಬಾವಲಿ ಹಿಕ್ಕೆ, ಮೊಣಕೈ ತರಚಿತ್ತು. ಬಂದವನೇ ಏನೂ ಮಾತಾಡದೆ ಪ್ಲಾಸ್ಟಿಕ್ ಚೀಲದಿಂದ ಒಂದು ಗಂಡಸರ ಚಪ್ಪಲಿ ತೆಗೆದು ಅತ್ತಿಗೆಯ ಮುಂದಿಟ್ಟ. “ಗವಿ ಬಾಯಾಗ ಸಿಕ್ತು, ಅತ್ತಿಗಿ. ಒಂದ ಸಿಕ್ಕೈತಿ.”

ನಾನು ಹೇಳಿದ ಆಟದ ಮಾತೆಲ್ಲ ಆ ಒಂದು ಚಪ್ಪಲಿಯ ಮುಂದೆ ಹುಡುಗಾಟವಾಗಿ ಕಂಡಿತು.

ಅಮರಮ್ಮ ಅದನ್ನು ಕೈಗೆತ್ತಿಕೊಂಡು ತಿರುವಿದರು. ಹೆಬ್ಬೆರಳಿನ ಪಟ್ಟಿಯನ್ನು ಬೆರಳಿಂದ ಒತ್ತಿ ನೋಡಿದರು. “ಅವರದಕ್ಕ ಇಲ್ಲಿ ಹೊಲಿಗಿ ಹಾಕಿಸೇನಿ. ಇದು ಅವರದಲ್ಲ.” ಪಕ್ಕಕ್ಕಿಟ್ಟರು.

“ಮತ್ತ ಯಾರದು?” ಎಂದಿತು ಕಟ್ಟೆಯ ಮೇಲಿನ ಒಂದು ದನಿ.

“ಯಾರದರ ಇರಲಿ ತಗೋ!” ಕಳಕಪ್ಪ ರೇಗಿದ. ಯಾರೋ ಅವನ ಕಿವಿಯಲ್ಲಿ ಆಟದ ವಿಷಯ ಹೇಳಿದರು. ಅವನು ನನ್ನನ್ನು ನೋಡಿದ, ತನ್ನ ಅಂಗಿಯನ್ನು ನೋಡಿಕೊಂಡ. “ಅಂದ್ರ ನಾ ಬಾವಲಿ ಗವ್ಯಾಗ ಹೊಟ್ಟಿ ಮ್ಯಾಲ ಹರದಾಡಿದ್ದು ಫೋನಿನ ಆಟಕ್ಕೇನ್ರಿ?”

ಹೊತ್ತು ಇಳಿಯುತ್ತಾ ಬಂತು. ಜನ ಕೂರಲೂ ಆಗದೆ ಹೋಗಲೂ ಆಗದೆ ನಿಂತಿದ್ದರು. ಅತ್ತವರು ಅಳು ನಿಲ್ಲಿಸಿದ್ದರು, ಆದರೆ ನಗಲು ಯಾರಿಗೂ ಧೈರ್ಯವಿರಲಿಲ್ಲ. ಕೊಪ್ಪಳದ ಬಸ್ಸು ಬಂದ ಸದ್ದಾಯಿತು. ಸಣ್ಣಪ್ಪ ಇನ್ನೂ ಸ್ಟೂಲಿನ ಮೇಲೆಯೇ ಇದ್ದ, ಕಟ್ಟಿದ್ದನ್ನು ಬಿಚ್ಚುವುದೋ ಬೇಡವೋ ಎಂದು.

“ಯಾರು ಹೋದ್ರೋ ಸಣ್ಣಪ್ಪಾ?” ಬೆನ್ನ ಹಿಂದಿನಿಂದ ಯಾರೋ ಕೇಳಿದರು.

“ವಿರುಪಾಕ್ಷಿ ಮಾಸ್ತರು ಹೋಗ್ಯಾರ ಅಂತರಿ, ಹೋಗಿಲ್ಲ ಅಂತನೂ ಅಂತಾರ,” ಎನ್ನುತ್ತಾ ಅವನು ತಿರುಗಿದ. ತಿರುಗಿದವನು ಸ್ಟೂಲು ಸಮೇತ ಕೆಳಗೆ ಬಿದ್ದ.

ಹೆಗಲಿಗೆ ಬಟ್ಟೆ ಚೀಲ, ಮೈಯೆಲ್ಲ ಧೂಳು, ಕಾಲಲ್ಲಿ ಎರಡೂ ಚಪ್ಪಲಿ. ಸರ್ ನಿಂತಿದ್ದರು.

ಒಬ್ಬ ಹೆಂಗಸು ಚಿಟ್ಟನೆ ಚೀರಿದಳು. ಕಟ್ಟೆಯ ಮುದುಕ ಕೈಮುಗಿದ. ಸರ್ ಮನೆಯ ಕಡೆ ಒಂದು ಹೆಜ್ಜೆ ಇಟ್ಟರು.

“ನಿಲ್ಲೋ ಅಲ್ಲೇ!” ದುರಗಮ್ಮ ಕೂಗಿದಳು. “ಹೊಸ್ತಿಲಾ ದಾಟಬ್ಯಾಡ! ಸತ್ತಾನಂತ ಅತ್ತೇವಿ ನಾವು, ಹಂಗ ಒಳಗ ಬರಬಾರದು!” ಒಳಗೆ ಓಡಿದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತಂದು, ತಮ್ಮನ ಸುತ್ತ ನಿವಾಳಿಸಿ ಬೀದಿಗೆ ಎಸೆದಳು. ಆಮೇಲೆ ಒಂದು ಕೊಡ ನೀರನ್ನು ಅವರ ತಲೆಯ ಮೇಲೆ ಸುರಿದಳು, ಚೀಲ ಕನ್ನಡಕ ಸಮೇತ. “ಆಯುಷ್ಯ ಹೆಚ್ಚಾತು ತಗೋ. ನೂರು ವರ್ಷ ಆತು,” ಎಂದು ಬೈಯುವ ದನಿಯಲ್ಲಿ ಹರಸಿದಳು.

ನೀರಿಳಿಯುವ ಕನ್ನಡಕದೊಳಗಿಂದ ಸರ್ ನನ್ನನ್ನು ಕಂಡರು. ಅವರಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ.

“ಏ ವಿಜಯಾ, ನೀ ಇಲ್ಲೇ ಬಂದೀಯಲ್ಲ! ಇಟಗಿಗೆ ಹೋಗಿದ್ದೆ. ನಿನ್ನ ಮೂರನೇ ಗವಿ ಇಟಗಿ ಗುಡಿ ಕಂಬ ನೋಡೇ ಮಾಡೀ ಹೌದಿಲ್ಲೋ? ಚೇಳು ಕಂಬದ ಹಿಂದಿತ್ತು, ನನಗ ಕಾಣಲೇ ಇಲ್ಲ. ಮೋಸ ಅಂದೆ. ಆಮ್ಯಾಲ ಮನಸು ತಡೀಲಿಲ್ಲ, ಹೋಗಿ ನೋಡೇ ಬಿಡೂಣು ಅಂತ ಹೋದೆ. ಅಲ್ಲಿ ಕಾವಲಿನವನ್ನ ಕಂಬದ ಹಿಂದ ನಿಲ್ಲಿಸಿ ಈ ಕಡಿಂದ ನೋಡಿದೆ, ಆ ಕಡಿಂದ ನೋಡಿದೆ. ಅಂವ ನನ್ನ ಹುಚ್ಚ ಅನಕೊಂಡ. ಕಾಣಂಗಿಲ್ಲ ವಿಜಯಾ! ನಿಂದ ಖರೆ. ನಾ ದೀಪ ಮುಂದ ಹಿಡದು ಹೋಗಬೇಕಿತ್ತು. ತಪ್ಪು ನಂದ.”

ಮೂರು ವರ್ಷ ಕಾದ ಮಾತು ಅದು. ಈಗ ಅದು ನನಗೆ ಬೇಡವಾಗಿತ್ತು.

“ಸರ, ಮುಂಜಾನೆ ಒಂದು ಕಾರ್ಡು ಕಳಿಸೀರಿ ನೋಡ್ರಿ...”

“ಹೂಂ, ನಿನಗ ಕಳಿಸಿದ್ದೆ. ಸತ್ತೇನಿ ಅಂತ ಗೊತ್ತಾಗಲಿ ಅಂತ.”

“ನನಗ ಬಂದಿಲ್ಲರಿ. ಗುಂಪಿಗೆ ಹೋಗೇತಿ.”

ಸರ್ ಕನ್ನಡಕ ಒರೆಸಿಕೊಂಡರು. ಕುರ್ಚಿಗಳನ್ನು ನೋಡಿದರು. ಶಾಮಿಯಾನ ನೋಡಿದರು. ತಮ್ಮನ ತರಚಿದ ಮೊಣಕೈ, ಅಕ್ಕನ ಊದಿದ ಕಣ್ಣು ನೋಡಿದರು. ಕೊನೆಗೆ ಅವರ ಕಣ್ಣು ಹೊಸ್ತಿಲ ಬಳಿ ಹೋಗಿ ನಿಂತಿತು. ನಾನೂ ಆಗಲೇ ನೋಡಿದ್ದು. ಅಷ್ಟು ಹೊತ್ತು ಎದುರು ಕೂತವಳಿಗೆ ಅದು ಕಂಡಿರಲಿಲ್ಲ. ಅಮರಮ್ಮನ ಹಣೆ ಬರಿದಾಗಿತ್ತು. ಕುಂಕುಮ ಒರೆಸಿಕೊಂಡ ಕೆಂಪು ಒಂದು ಕಡೆಗೆ ಎಳೆದುಕೊಂಡು ಹೋಗಿತ್ತು. ಅವರು ಅಳದೆ ಕೂತದ್ದನ್ನು ನಾನು ನಂಬಿಕೆ ಎಂದುಕೊಂಡಿದ್ದೆ. ಎಲ್ಲ ಮುಗಿಸಿಕೊಂಡೇ ಕೂತಿದ್ದರು.

ಸರ್ ಒದ್ದೆ ಬಟ್ಟೆಯಲ್ಲೇ ಬೀದಿಯ ಮಣ್ಣಿಗೆ ಕೂತುಬಿಟ್ಟರು.

ಮಾತಾಡಿದವಳು ನಾನೇ. “ಹೆಸರು ಬ್ಯಾಡರಿ ಸರ. ಆಟಾನ ಅಳಿಸಿ ಹಾಕಿಬಿಡ್ತೀನಿ.” ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಜನ ಮೆಲ್ಲಗೆ ಕರಗಿದರು. ಸುದ್ದಿ ಹಬ್ಬಿದ ಎಲ್ಲ ಕಡೆಗೂ ಕಳಕಪ್ಪ ಫೋನ್ ಮಾಡಿ ಬೈಸಿಕೊಂಡ. ಕುಷ್ಟಗಿಯ ಬೀಗರು ದಾರಿಯಲ್ಲಿದ್ದರಂತೆ, ಹಾರ ಕೊಂಡಿದ್ದರಂತೆ, ಅದನ್ನೇನು ಮಾಡಲಿ ಎಂದರಂತೆ. ಗಂಗಾವತಿಯಿಂದ ನಾಹೀದಾ ನನಗೆ ಫೋನ್ ಮಾಡಿ, ಸರ್ ದನಿ ಕೇಳುವವರೆಗೂ ಬಿಡಲಿಲ್ಲ. ಕೇಳಿದ ಮೇಲೆ ಬಿಕ್ಕುತ್ತಾ, “ಆ ಬ್ಯಾನರ್ ಏನ ಮಾಡ್ಲಿ? ಹರಿಯಾಕ ಕೈ ಬರವೊಲ್ಲದು, ಸರ್ ಮಾರಿ ಐತಿ,” ಎಂದಳು.

“ಕಳಿಸಂತ ಹೇಳ್ರಿ,” ಎಂದ ಕಳಕಪ್ಪ. “ಮೇವಿನ ಬಣವಿಗೆ ಹೊದಸ್ತೀನಿ. ಮಾರಿ ಒಳಗ ಮಾಡಿ.”

ಸರ್ ಬಟ್ಟೆ ಬದಲಿಸಿ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ದುರಗಮ್ಮ ಕುಂಕುಮದ ಭರಣಿ ತಂದು ಅಮರಮ್ಮನ ಮುಂದೆ ಹಿಡಿದಳು. ಅಮರಮ್ಮ ಅದನ್ನು ಸರಿಸಿ ನನ್ನ ಕಡೆ ನೋಡಿದರು.

“ಅವರು ಸತ್ತ ಜಾಗಾ ನನಗ ತೋರಸು.”

“ಅಮ್ಮಾರ...”

“ಊರು ಮಂದೆಲ್ಲಾ ಹುಡುಕ್ಯಾರ. ನಾನೂ ನೋಡ್ತೀನಿ. ತೋರಸು.”

ಸರ್ ಫೋನು ಚಾರ್ಜಿಗೆ ಹಚ್ಚಿತ್ತು. ತಂದೆ. ಆಟ ಹೆಸರು ಕೇಳಿತು. ಅಮರಮ್ಮನ ಹೆಸರು ಬರೆಯಲು ನನ್ನ ಬೆರಳು ಏಳಲಿಲ್ಲ. ಅವರೇ ಒಂದೊಂದೇ ಅಕ್ಷರ ಹುಡುಕಿ ‘ಅಮರಮ್ಮ’ ಎಂದು ಬರೆದರು, ಫೋಟೋ ಬೇಡವೆಂದರು. ಮೊದಲ ಗವಿಯ ಬಾಯಿ ತೆರೆಯಿತು.

“ಮೂರನೇದಕ್ಕ ಹೋಗಬೇಕಂದ್ರ ಭಾಳ ಹೊತ್ತು ಬೇಕರಿ. ಪರೀಕ್ಷೆ ಮಾಡಾಕಂತ ನಾ ಒಂದು ಕಳ್ಳದಾರಿ ಇಟ್ಟೇನಿ, ಒಮ್ಮೆಲೇ ಇಳಿಬಹುದು...”

“ಅದು ನ್ಯಾಯ ಅಲ್ಲ,” ಎಂದರು ಸರ್ ಮಂಚದಿಂದ.

ಅಮರಮ್ಮ ತಿರುಗಿ ಗಂಡನನ್ನು ನೋಡಿದರು. “ನಿಮ್ಮ ನ್ಯಾಯ ನೀವ ಇಟಗೋರಿ. ನಾ ಇವತ್ತ ಒಂದು ಸಲ ರಂಡಿಮುಂಡಿ ಆಗೇನಿ.”

ನಾನು ಕಳ್ಳದಾರಿ ತೆರೆದೆ.

ಮೂರನೇ ಗವಿ. ದೀಪದ ಬೆಳಕು ಬಿದ್ದಷ್ಟೇ ಕಾಣುವ ಕಂಬಗಳ ಸಾಲು. ಹೇಗೆ ನಡೆಸುವುದೆಂದು ತೋರಿಸಿಕೊಟ್ಟೆ. ಅಮರಮ್ಮ ತಮ್ಮ ಪುಟ್ಟ ಗೊಂಬೆಯನ್ನು ಹೊಲದ ಬದುವಿನ ಮೇಲೆ ನಡೆಯುವಂತೆ, ಒಂದು ಹೆಜ್ಜೆ ಇಟ್ಟು, ನಿಂತು, ಇನ್ನೊಂದು ಹೆಜ್ಜೆ ಇಟ್ಟು ನಡೆಸಿದರು. ಹಳೇ ಆಟದಂತೆ ಇಲ್ಲೂ ಇಟ್ಟಿದ್ದ ಗೋರಿ ಸಿಕ್ಕಿತು. ಚಿಕ್ಕ ಕಲ್ಲು, ಅಷ್ಟೇ. ಮುಟ್ಟಿದರೆ ಅಕ್ಷರ ಮೂಡುತ್ತದೆ: ‘ಇಲ್ಲಿ ವಿರುಪಾಕ್ಷಿ ಮಲಗಿದ್ದಾರೆ. ಉಳಿದದ್ದು: ಅರ್ಧ ಎಣ್ಣೆಯ ದೀಪ, ರೊಟ್ಟಿ ಎರಡು.’

ಅವರು ಅದನ್ನು ಬಾಯಲ್ಲೇ ಓದಿಕೊಂಡರು. ನಾನು ಅವರ ಕಣ್ಣಲ್ಲಿ ನೀರಿಗಾಗಿ ಕಾದೆ, ಬರಲಿಲ್ಲ.

“ರೊಟ್ಟಿ ಹಂಗ ಅದಾವ,” ಎಂದರು. “ತಿಂದಿಲ್ಲ.”

“ಹಸಿವು ಹೆಚ್ಚಾದ್ರ ತಿನ್ನಬೇಕರಿ. ಸರ್ ತಿನ್ನದ...”

“ಮನ್ಯಾಗೂ ಹಿಂಗ. ಕಟ್ಟಿಟ್ಟ ಬುತ್ತಿ ಬಿಟ್ಟು ಹೋಗ್ಯಾರ ಇವತ್ತ.” ಗಂಡನ ಕಡೆ ತಿರುಗಿದರು. “ಮುಂಜೇಲಿಂದ ಏನರ ತಿಂದೀರೇನು?”

ಸರ್ ಇಲ್ಲವೆಂದು ತಲೆಯಾಡಿಸಿದರು. ಬೈಸಿಕೊಳ್ಳುವ ಮಗುವಿನ ಮುಖವಾಗಿತ್ತು ಅವರದು.

ಅಮರಮ್ಮ ಫೋನನ್ನು ನನ್ನ ಕೈಗಿತ್ತು ಎದ್ದರು. ಗೋಡೆಯ ಕನ್ನಡಿಯ ಮುಂದೆ ನಿಂತು, ಸೆರಗಿನ ತುದಿಯಿಂದ ಹಣೆಯ ಹಳೇ ಕೆಂಪನ್ನು ಪೂರ್ತಿ ಒರೆಸಿ, ಭರಣಿಯಿಂದ ಹೊಸದಾಗಿ ಇಟ್ಟುಕೊಂಡರು. ಅಡಿಗೆಮನೆಗೆ ಹೋದರು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಎಂದಿಗಿಂತ ತುಸು ಜೋರಾಗಿ.

ಕೈಯಲ್ಲಿದ್ದ ಪರದೆಯನ್ನು ನೋಡಿದೆ. ಅಮರಮ್ಮನ ಗೊಂಬೆ ಗೋರಿಯ ಮುಂದೆ ನಿಂತೇ ಇತ್ತು. ಬೆಳಕಿನ ಅಂಚಿನಲ್ಲಿ, ಕಂಬವೊಂದರ ಹಿಂದಿನಿಂದ, ಚೇಳು ಹೊರಬರುತ್ತಿತ್ತು. ಅದನ್ನು ಬರೆದವಳು ನಾನು, ಅದರ ವಿಷ ಎಷ್ಟೆಂದು ನನಗೆ ಗೊತ್ತು, ಆದರೂ ಬೆರಳು ಕಲ್ಲಾಗಿತ್ತು. ಆಟ ಮುಚ್ಚಿದರೂ ತಪ್ಪುವಂತಿಲ್ಲ, ತೆರೆದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಆ ಹೆಸರಿನ ಮೇಲೆ ಆ ದೀಪಗಳು, ಆ ಪಾರಿವಾಳಗಳು ಬಂದು ಕೂರುವುದು ನನ್ನ ಕಣ್ಣಿಗೆ ಆಗಲೇ ಕಂಡಿತ್ತು.

“ಸರ,” ಎಂದೆ. ಫೋನನ್ನು ಅವರ ಮುಂದೆ ಚಾಚಿದೆ.

ಸರ್ ನೋಡಿದರು. ಕನ್ನಡಕ ಮೇಲೇರಿಸಿಕೊಂಡರು. ಗೊಂಬೆಯನ್ನು ಓಡಿಸಲಿಲ್ಲ, ಚೇಳಿಗೆ ಹೊಡೆಯಲೂ ಇಲ್ಲ. ಒಂದು ಹೆಜ್ಜೆ ಹಿಂದಕ್ಕೆ, ಒಂದು ಹೆಜ್ಜೆ ಎಡಕ್ಕೆ. ಹೆಂಡತಿಯನ್ನು ಕಂಬದ ಮರೆಗೆ ನಿಲ್ಲಿಸಿ ಕೈ ತೆಗೆದರು.

“ಕಂಬ ಅದಕ್ಕೂ ಒಂದ, ನಮಗೂ ಒಂದ,” ಎಂದರು ಮೆಲ್ಲಗೆ. “ಈಗ ಅದಕ್ಕ ಕಾಣಂಗಿಲ್ಲ. ಇಟಗ್ಯಾಗ ನೋಡೇನಿ.”

ಚೇಳು ಬಂತು. ಗೋರಿಯ ಪಕ್ಕ ತುಸು ನಿಂತಿತು. ಆಮೇಲೆ ಅದು ಬಾಲ ಎತ್ತಿಕೊಂಡೇ ಕಂಬದ ಆಚೆ ಬದಿಯಿಂದ ಹಾದು ಕತ್ತಲೆಗೆ ಹೋಯಿತು.

“ಆ ಕಾರ್ಡು ತಗದು ಹಾಕು,” ಎಂದರು ಸರ್. “ಕಲ್ಲು ಸಾಕು. ಹೆಸರು ಇಟಗೋ.”

ಒಳಗಿನಿಂದ ಅಮರಮ್ಮ ಕೂಗಿದರು, ಇಬ್ಬರೂ ಕೈತೊಳೆದು ಬರಬೇಕಂತೆ.